ಪಾಯ ತೋಡುವಾಗ ಸಿಕ್ಕ ಬಿಳಿ ಮಣ್ಣು ಸಿಮೆಂಟಿನ ಬದಲಿಗೆ ಆಗುತ್ತದೆಯೇ?

ಓದುಗರ ಪ್ರಶ್ನೆ: ನಾವು ಕೊಡಗಿನ ನಾಪೋಕ್ಲು ಕಡೆಯವರು. ಒಂದು ಮನೆ, ಪಕ್ಕದಲ್ಲಿ ಕಾಫಿ ಒಣಗಿಸುವ ಕಣ, ಹಿಂದಿನ ಬರೆಗೆ, ಅಂದರೆ ಗುಡ್ಡದ ಕಡಿದಾದ ಇಳಿಜಾರಿಗೆ, ಒಂದು ತಡೆಗೋಡೆ ಕಟ್ಟಿಸಬೇಕು. ಪಾಯ ತೋಡಿದಾಗ ಕೆಂಪು ಮಣ್ಣಿನ ಕೆಳಗೆ ಬಿಳಿ ಬಣ್ಣದ, ನುಣುಪಾದ ಮಣ್ಣು ಸಿಕ್ಕಿತು. ಇಂಥ ಮಣ್ಣು ಮತ್ತು ಸುಣ್ಣಕಲ್ಲಿನ ಪುಡಿ ಬಳಸಿ ಸಿಮೆಂಟನ್ನು ಅರ್ಧದಷ್ಟು ಉಳಿಸಬಹುದು ಎಂದು ಮಗ ಎಲ್ಲೋ ಓದಿದ್ದಾನೆ. ಮೇಸ್ತ್ರಿ ಮಾತ್ರ ‘ಮಣ್ಣು ಸೇರಿದ ಕಾಂಕ್ರೀಟ್ ನಿಲ್ಲಲ್ಲ’ ಅಂತಾರೆ. ಯಾರ ಮಾತು ಸರಿ? ನಮ್ಮ ಮಳೆಗೆ ಇದು ತಡೆಯುತ್ತಾ?

ಉತ್ತರ: ನಿಮ್ಮ ಮಗ ಓದಿದ್ದೂ ನಿಜ, ಮೇಸ್ತ್ರಿ ಹೇಳಿದ್ದೂ ನಿಜ. ಮಗ ಹೇಳುತ್ತಿರುವುದು ಸುಟ್ಟ ಮಣ್ಣಿನ ವಿಷಯ. ಮೇಸ್ತ್ರಿ ಹೇಳುತ್ತಿರುವುದು ಹಸಿ ಮಣ್ಣಿನ ವಿಷಯ. ಎರಡೂ ಒಂದೇ ಗುಂಡಿಯಿಂದ ಬಂದಿರಬಹುದು. ಆದರೆ ಕಾಂಕ್ರೀಟಿನೊಳಗೆ ಹೋದ ಮೇಲೆ ಒಂದು ಕಟ್ಟುತ್ತದೆ, ಇನ್ನೊಂದು ಕೆಡಿಸುತ್ತದೆ. ಹಾಗಾಗಿ ನಿಮ್ಮ ಗುಂಡಿಯ ಮಣ್ಣನ್ನು ಹಾಗೇ ತಂದು ಮಿಕ್ಸರಿಗೆ ಹಾಕಬೇಡಿ. ಅದೇ ಜಾತಿಯ ಮಣ್ಣನ್ನು ಕಾರ್ಖಾನೆಯಲ್ಲಿ ಹದವಾಗಿ ಸುಟ್ಟು, ನುಣ್ಣಗೆ ಅರೆದು ಮಾಡಿದ ಸಿಮೆಂಟ್ ಸಿಕ್ಕರೆ ಧೈರ್ಯವಾಗಿ ತನ್ನಿ. ನಮ್ಮ ಕೊಡಗಿನ ಮಳೆಗೆ ಅದು ಬರೀ ಸಿಮೆಂಟಿಗಿಂತ ಚೆನ್ನಾಗಿ ತಡೆಯುತ್ತದೆ. ಒಂದೇ ಷರತ್ತು, ಅದಕ್ಕೆ ನೀರು ಮತ್ತು ಸಮಯ ಎರಡನ್ನೂ ಕೊಡಬೇಕು. ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ.

ಮೊದಲು ಆ ಬಿಳಿ ಮಣ್ಣಿನ ಬಗ್ಗೆ. ನಮ್ಮ ಕಡೆ, ಘಟ್ಟದ ಕೆಳಗೆ ದಕ್ಷಿಣ ಕನ್ನಡದಲ್ಲಿ ಕೂಡ, ಇದನ್ನು ಶೇಡಿ ಮಣ್ಣು ಅನ್ನುತ್ತಾರೆ. ಕೊಡಗಿನ ಬೆಟ್ಟಗಳ ಕಲ್ಲಿನಲ್ಲಿ ಫೆಲ್ಡ್‌ಸ್ಪಾರ್ ಅನ್ನುವ ಖನಿಜ ಜಾಸ್ತಿ. ಲಕ್ಷಾಂತರ ವರ್ಷ ಸುರಿದ ಮಳೆ ಆ ಖನಿಜದಲ್ಲಿದ್ದ ಪೊಟ್ಯಾಶ್, ಸೋಡಾ, ಸುಣ್ಣದ ಅಂಶಗಳನ್ನೆಲ್ಲ ತೊಳೆದುಕೊಂಡು ಹೋಯಿತು. ಉಳಿದದ್ದು ಸಿಲಿಕಾ ಮತ್ತು ಅಲ್ಯೂಮಿನಾ ಪದರ ಪದರವಾಗಿ ಸೇರಿದ ಜೇಡಿ. ಅದರ ಹೆಸರು ಕೇಯೋಲಿನೈಟ್. ಪಿಂಗಾಣಿ ಕಪ್ಪು ಮಾಡುವ ಚೀನಾ ಜೇಡಿಯೂ ಇದೇ. ಮೇಲಿನ ಪದರದಲ್ಲಿ ಕಬ್ಬಿಣದ ಅಂಶ ಉಳಿದುಕೊಂಡು ಕೆಂಪಾಗುತ್ತದೆ. ಕೆಳಗಿನ ಪದರ ಬಿಳಿ, ತಿಳಿ ಗುಲಾಬಿ, ಹಳದಿ ಬಣ್ಣದಲ್ಲಿ ಮೆತ್ತಗೆ ಇರುತ್ತದೆ. ಘಟ್ಟದ ರಸ್ತೆಗೆ ಗುಡ್ಡ ಕಡಿದ ಜಾಗದಲ್ಲಿ ನಿಂತು ನೋಡಿದರೆ ಈ ಪದರಗಳು ಕಣ್ಣಿಗೇ ಕಾಣುತ್ತವೆ.

ಈ ಕೇಯೋಲಿನೈಟಿನ ಪದರಗಳ ರಚನೆಯಲ್ಲೇ ನೀರಿನ ಅಂಶ ಗಟ್ಟಿಯಾಗಿ ಕೂತಿರುತ್ತದೆ. ಬಿಸಿಲಿಗೆ ಒಣಗಿಸಿದರೆ ಅದು ಹೋಗುವುದಿಲ್ಲ. ಸುಮಾರು 600ರಿಂದ 850 ಡಿಗ್ರಿ ಸೆಲ್ಸಿಯಸ್ ಬಿಸಿ ಕೊಟ್ಟಾಗ ಹೊರಗೆ ಬರುತ್ತದೆ. ಆಗ ಪದರಗಳ ಜೋಡಣೆ ಕೆಟ್ಟು, ಒಳಗಿನ ಸಿಲಿಕಾ ಮತ್ತು ಅಲ್ಯೂಮಿನಾ ಯಾವುದಾದರೂ ಜೊತೆ ಸೇರಿಕೊಳ್ಳಲು ಕಾಯುತ್ತಿರುವ ಸ್ಥಿತಿಗೆ ಬರುತ್ತವೆ. ಇದಕ್ಕೆ ಮೆಟಾಕೇಯೋಲಿನ್ ಎಂದು ಹೆಸರು. ಬಿಸಿ 950 ಡಿಗ್ರಿ ದಾಟಿತೋ, ಮತ್ತೆ ಬೇರೆ ಹರಳುಗಳಾಗಿ ಗಟ್ಟಿಕೊಂಡು ಆ ಗುಣ ಹೋಗಿಬಿಡುತ್ತದೆ. ಕಾಫಿ ಹುರಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಸಿ ಬೀಜದಲ್ಲಿ ಕಾಫಿಯ ಪರಿಮಳ ಇಲ್ಲ, ಕರಕಲಾದದ್ದರಲ್ಲೂ ಇಲ್ಲ. ಮಧ್ಯದ ಒಂದು ಹದದಲ್ಲಿ ಮಾತ್ರ ಇದೆ.

ಹಸಿ ಮಣ್ಣು ಹಾಕಿದರೆ ಏನಾಗುತ್ತದೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ. ವರ್ಷಗಳ ಹಿಂದೆ ಒಂದು ತೋಟದಲ್ಲಿ ಕಣಕ್ಕೆ ಕಾಂಕ್ರೀಟ್ ಹಾಕುವಾಗ, ಮೇಲ್ಮೈ ನುಣುಪಾಗಿ ಬರಲಿ ಎಂದು ಮರಳಿಗೆ ಜಾಗದ್ದೇ ಜರಡಿ ಹಿಡಿದ ಮಣ್ಣನ್ನು ಬೆರೆಸಿದ್ದರು. ಹಾಕಿದ ದಿನ ಬೆಣ್ಣೆಯ ಹಾಗೆ ಇತ್ತು. ಮೊದಲ ಬೇಸಿಗೆಗೇ ಕೆರೆಯ ಒಣ ತಳದ ಹಾಗೆ ಬಿರುಕು ಬಿಟ್ಟಿತು. ಗುಡಿಸಿದರೆ ಪುಡಿ ಏಳುತ್ತಿತ್ತು, ಆ ಪುಡಿ ಕಾಫಿಗೆ ಸೇರುತ್ತಿತ್ತು. ಕೊನೆಗೆ ಪೂರ್ತಿ ಒಡೆದು ಹೊಸದಾಗಿ ಹಾಕಬೇಕಾಯಿತು. ಹಸಿ ಜೇಡಿ ನೀರು ಕುಡಿಯುತ್ತದೆ. ಜಲ್ಲಿ, ಮರಳಿನ ಮೈಗೆ ಅಂಟಿಕೊಂಡು ಸಿಮೆಂಟ್ ಹಿಡಿಯದ ಹಾಗೆ ಮಾಡುತ್ತದೆ. ಒಣಗಿದಾಗ ಕುಗ್ಗುತ್ತದೆ. ಅದಕ್ಕೇ ಮರಳು, ಜಲ್ಲಿಯ ಭಾರತೀಯ ಮಾನಕವಾದ ಐಎಸ್ 383ರಲ್ಲಿ ಹೊಳೆ ಮರಳಿನಂಥ ಸಹಜ ಮರಳಿನ ನುಣುಪು ಧೂಳಿಗೆ ನೂರಕ್ಕೆ 3ರ ಮಿತಿ ಹಾಕಿದ್ದಾರೆ. ನಿಮ್ಮ ಮೇಸ್ತ್ರಿಗೆ ಇದು ಅನುಭವದಿಂದ ಗೊತ್ತು. ಅವರ ಮಾತಿಗೆ ಬೆಲೆ ಕೊಡಿ.

ಈಗ ಸುಟ್ಟ ಮಣ್ಣು ಹೇಗೆ ಕೆಲಸ ಮಾಡುತ್ತದೆ ನೋಡೋಣ. ಸಿಮೆಂಟಿಗೆ ನೀರು ಬಿದ್ದಾಗ ಎರಡು ವಸ್ತು ಹುಟ್ಟುತ್ತವೆ. ಒಂದು ಅಂಟು. ಜಲ್ಲಿ, ಮರಳು ಎಲ್ಲವನ್ನೂ ಹಿಡಿದಿಡುವುದು ಇದೇ. ಇನ್ನೊಂದು ಅರಳಿದ ಸುಣ್ಣ, ನಾವು ಗೋಡೆಗೆ ಬಳಿಯುತ್ತಿದ್ದ ಅದೇ ಸುಣ್ಣ. ಗಟ್ಟಿಯಾದ ಸಿಮೆಂಟಿನಲ್ಲಿ ಹೆಚ್ಚುಕಡಿಮೆ ಐದನೇ ಒಂದು ಭಾಗ ಈ ಸುಣ್ಣವೇ ಇರುತ್ತದೆ. ಅದರಿಂದ ಬಲ ಅಷ್ಟೇನೂ ಸಿಗುವುದಿಲ್ಲ. ಮೇಲಾಗಿ ಅದು ನೀರಿನಲ್ಲಿ ಕರಗುತ್ತದೆ.

ಮಡಿಕೇರಿಯ ಹಳೇ ಆರ್‌ಸಿಸಿ ಮನೆಗಳ ಸಜ್ಜಾ ಕೆಳಗೆ, ತಾರಸಿಯ ಅಂಚಿನಲ್ಲಿ ಬಿಳಿ ಗೆರೆಗಳು ಇಳಿದಿರುತ್ತವಲ್ಲ, ಕೆಲವು ಕಡೆ ಸಣ್ಣ ಬಿಳಿ ಕಡ್ಡಿಗಳೇ ತೂಗಾಡುತ್ತಿರುತ್ತವೆ, ಅವು ಈ ಸುಣ್ಣದ್ದೇ. ಮಳೆನೀರಿನಲ್ಲಿ ಖನಿಜದ ಅಂಶ ಇರುವುದಿಲ್ಲ. ಅಂಥ ನೀರು ಕಾಂಕ್ರೀಟಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಇಳಿದು ಸುಣ್ಣವನ್ನು ಕರಗಿಸಿ ತರುತ್ತದೆ. ಹೊರಗೆ ಬಂದ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಬಿಳಿಯಾಗಿ ಗಟ್ಟಿಯಾಗುತ್ತದೆ. ಮಡಿಕೇರಿಗೆ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಭಾಗಮಂಡಲದ ಕಡೆ ಅದಕ್ಕಿಂತಲೂ ಹೆಚ್ಚು. ಹಾಗಾಗಿ ಸುಣ್ಣ ಕರಗಿ ಹೋಗುವ ಈ ತೊಂದರೆ ಬಯಲುಸೀಮೆಗಿಂತ ನಮಗೆ ಜಾಸ್ತಿ.

ಸುಟ್ಟ ಜೇಡಿ ಇಲ್ಲಿ ಕೈ ಹಾಕುತ್ತದೆ. ಆ ಸುಣ್ಣವನ್ನು ತಾನು ಎಳೆದುಕೊಂಡು ಇನ್ನಷ್ಟು ಅಂಟು ಮಾಡುತ್ತದೆ. ಕರಗಿ ಹೋಗಬೇಕಾಗಿದ್ದ ವಸ್ತು ಗಟ್ಟಿ ವಸ್ತುವಾಗುತ್ತದೆ, ರಂಧ್ರಗಳು ಸಣ್ಣದಾಗುತ್ತವೆ, ನೀರು ಒಳಗೆ ಇಳಿಯುವುದು ಕಷ್ಟವಾಗುತ್ತದೆ. ಹೀಗೆ ಸುಣ್ಣದ ಜೊತೆ ಸೇರಿ ಅಂಟಾಗುವ ವಸ್ತುಗಳಿಗೆಲ್ಲ ಪೊಜೊಲಾನ ಎಂದು ಹೆಸರು. ಇಟಲಿಯ ನೇಪಲ್ಸ್ ಹತ್ತಿರದ ಪೊಜೊಲಿ ಊರಿನ ಜ್ವಾಲಾಮುಖಿ ಬೂದಿಯಿಂದ ಬಂದ ಹೆಸರು ಅದು. ರೋಮನ್ನರು ಆ ಬೂದಿಯನ್ನು ಸುಣ್ಣಕ್ಕೆ ಬೆರೆಸಿ ಸಮುದ್ರದೊಳಗೂ ಕಟ್ಟಿದರು.

ನಮ್ಮಲ್ಲಿ ಜ್ವಾಲಾಮುಖಿ ಬೂದಿ ಇಲ್ಲ. ಆದರೆ ನಮ್ಮ ಹಿರಿಯರು ಸುಟ್ಟ ಮಣ್ಣಿನಿಂದಲೇ ಆ ಕೆಲಸ ಮಾಡಿಕೊಂಡರು. ಸುರ್ಕಿ ಎಂಬ ಮಾತು ಹಳೇ ಗಾರೆ ಕೆಲಸದವರ ಬಾಯಲ್ಲಿ ಈಗಲೂ ಬರುತ್ತದೆ. ಇಟ್ಟಿಗೆಯನ್ನು, ಸುಟ್ಟ ಜೇಡಿಯನ್ನು ಕುಟ್ಟಿ ಪುಡಿ ಮಾಡಿ ಸುಣ್ಣಕ್ಕೆ ಸೇರಿಸಿ ಅರೆದರೆ ಸುರ್ಕಿ ಗಾರೆ. ತಲಕಾವೇರಿಯಲ್ಲಿ ಹುಟ್ಟಿ ನಮ್ಮೂರುಗಳ ಮೇಲೆ ಹಾದು ಹೋಗುವ ಕಾವೇರಿಯನ್ನು ಕೆಳಗೆ ಹಿಡಿದು ನಿಲ್ಲಿಸಿದೆಯಲ್ಲ ಕನ್ನಂಬಾಡಿ ಕಟ್ಟೆ, 1911ರಲ್ಲಿ ಕೆಲಸ ಶುರುವಾದ ಆ ಅಣೆಕಟ್ಟನ್ನು ಕಟ್ಟಿದ್ದು ಸುಣ್ಣ ಮತ್ತು ಸುರ್ಕಿಯ ಗಾರೆಯಿಂದ. ಇಷ್ಟು ವರ್ಷ ನೀರಿನಲ್ಲೇ ನಿಂತಿದೆ. ‘ಮಣ್ಣು ಸೇರಿದ್ದು ನಿಲ್ಲಲ್ಲ’ ಎಂದು ಇನ್ನೊಮ್ಮೆ ಮೇಸ್ತ್ರಿ ಹೇಳಿದರೆ ಪ್ರೀತಿಯಿಂದ ಈ ಕಟ್ಟೆಯ ವಿಷಯ ಹೇಳಿ. ಅವರಿಗೂ ಖುಷಿಯಾಗುತ್ತದೆ.

ಮಗ ಓದಿರುವ ‘ಅರ್ಧಕ್ಕರ್ಧ’ದ ಲೆಕ್ಕ ಎಲ್ಲಿಂದ ಬಂತು ಅಂತಲೂ ಹೇಳುತ್ತೇನೆ. ಅದು ಎಲ್‌ಸಿ3 ಎಂಬ ಸಿಮೆಂಟು. ಸ್ವಿಟ್ಜರ್ಲೆಂಡಿನ ಲೂಸಾನ್‌ನಲ್ಲಿರುವ ತಾಂತ್ರಿಕ ವಿಶ್ವವಿದ್ಯಾಲಯದ ಕ್ಯಾರೆನ್ ಸ್ಕ್ರಿವೆನರ್ ಅವರ ತಂಡ, ಕ್ಯೂಬಾದ ಸಂಶೋಧಕರು, ನಮ್ಮ ದೆಹಲಿ, ಮದ್ರಾಸ್, ಬಾಂಬೆ ಐಐಟಿಗಳವರು ಸೇರಿ ಬೆಳೆಸಿದ್ದು. ಅದರಲ್ಲಿ ಸುಮಾರು 50 ಪಾಲು ಕ್ಲಿಂಕರ್, 30 ಪಾಲು ಸುಟ್ಟ ಜೇಡಿ, 15 ಪಾಲು ಹಸಿ ಸುಣ್ಣಕಲ್ಲಿನ ಪುಡಿ, 5 ಪಾಲು ಜಿಪ್ಸಮ್. ಕ್ಲಿಂಕರ್ ಅಂದರೆ ಸುಣ್ಣಕಲ್ಲು ಮತ್ತು ಜೇಡಿಯನ್ನು ಸುಮಾರು 1,450 ಡಿಗ್ರಿಯಲ್ಲಿ ಸುಟ್ಟಾಗ ಸಿಗುವ ಗಟ್ಟಿ ಉಂಡೆಗಳು. ಮಾಮೂಲಿ ಸಿಮೆಂಟ್ ಅಂದರೆ ಹೆಚ್ಚಿನ ಪಾಲು ಇದರ ಪುಡಿಯೇ. ಎಲ್‌ಸಿ3ಯಲ್ಲಿ ಸುಣ್ಣಕಲ್ಲಿನ ಪುಡಿ ಸುಮ್ನೆ ತೂಕಕ್ಕೆ ಸೇರಿದ್ದಲ್ಲ. ಸುಟ್ಟ ಜೇಡಿಯ ಅಲ್ಯೂಮಿನಾ ಜೊತೆ ಕೂಡಿ ಅದು ಹೊಸ ಹರಳುಗಳನ್ನು ಮಾಡುತ್ತದೆ, ಅವು ರಂಧ್ರ ತುಂಬುತ್ತವೆ. ಇದಕ್ಕೆ ಪಿಂಗಾಣಿ ದರ್ಜೆಯ ಶುದ್ಧ ಜೇಡಿಯೇ ಬೇಕಾಗಿಲ್ಲ. ನೂರಕ್ಕೆ 40 ಪಾಲು ಕೇಯೋಲಿನೈಟ್ ಇದ್ದರೆ ಸಾಕು. ಕಬ್ಬಿಣ ಸೇರಿ ಕೆಂಪಾಗಿದ್ದರೂ ನಡೆಯುತ್ತದೆ. 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಇಂಥ ಸಿಮೆಂಟಿಗೆ ಐಎಸ್ 18189 ಎಂಬ ಪ್ರತ್ಯೇಕ ಮಾನಕವನ್ನೇ ತಂದಿದೆ.

ಇಷ್ಟೆಲ್ಲ ಒದ್ದಾಟ ಯಾಕೆ ಅಂದರೆ, ಸುಣ್ಣಕಲ್ಲನ್ನು ಸುಟ್ಟಾಗ ಕಲ್ಲಿನೊಳಗಿನಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಉರುವಲು ಎಷ್ಟೇ ಶುದ್ಧವಾಗಿರಲಿ, ಅದನ್ನು ತಪ್ಪಿಸಲಾಗುವುದಿಲ್ಲ. ಒಂದು ಟನ್ ಕ್ಲಿಂಕರಿಗೆ ಸುಮಾರು 0.8 ಟನ್‌ಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಪ್ರಪಂಚದಲ್ಲಿ ಮನುಷ್ಯರಿಂದ ಗಾಳಿಗೆ ಸೇರುವ ಒಟ್ಟು ಇಂಗಾಲದ ಡೈಆಕ್ಸೈಡ್‌ನಲ್ಲಿ ನೂರಕ್ಕೆ 7-8 ಪಾಲು ಸಿಮೆಂಟಿನದ್ದು. ಜೇಡಿಯನ್ನು ಸುಟ್ಟಾಗ ಮಣ್ಣಿನೊಳಗಿಂದ ಬರುವುದು ನೀರಾವಿ, ಬೇಕಾಗುವ ಬಿಸಿಯೂ ಕಮ್ಮಿ. ಮಳೆ ದಿಕ್ಕು ತಪ್ಪಿದರೆ ಏನಾಗುತ್ತದೆ ಎಂದು 2018ರ ಆಗಸ್ಟ್‌ನ ಗುಡ್ಡ ಕುಸಿತದಲ್ಲಿ ಕೊಡಗಿನವರು ನೋಡಿದ್ದೇವೆ. ನಮ್ಮ ಮನೆಯ ಒಂದಷ್ಟು ಮೂಟೆ ಸಿಮೆಂಟಿನಿಂದ ಜಗತ್ತು ಬದಲಾಗದು, ಗೊತ್ತು. ಆದರೂ ಅಷ್ಟೇ ಗಟ್ಟಿಯಾಗಿ, ಕಡಿಮೆ ಹೊಗೆಯಲ್ಲಿ ಕಟ್ಟುವ ದಾರಿ ಇದ್ದಾಗ ಅದನ್ನೇ ಹಿಡಿಯೋಣ ಅಂತ ನನಗೆ ಮನಸ್ಸಿನಿಂದ ಅನಿಸುತ್ತದೆ.

ಸರಿ, ನಿಮಗೆ ಈಗ ಅಂಗಡಿಯಲ್ಲಿ ಏನು ಸಿಗುತ್ತದೆ? ಮೂಟೆಯ ಮೇಲೆ ಬರೆದಿರುವುದನ್ನು ಓದಿ. ಪಿಪಿಸಿ ಅಂತ ಇದ್ದರೆ ಅದರಲ್ಲಿ ಈಗಾಗಲೇ ನೂರಕ್ಕೆ 15ರಿಂದ 35 ಪಾಲು ಹಾರುಬೂದಿ ಇರುತ್ತದೆ. ರಾಯಚೂರು, ಬಳ್ಳಾರಿಯಂಥ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿದು ಉಳಿಯುವ ಬೂದಿ ಅದು. ಮೂಲದಲ್ಲಿ ಅದೂ ಕಲ್ಲಿದ್ದಲಿನ ಜೊತೆ ಬೆರೆತಿದ್ದ ಜೇಡಿಯೇ. ಸ್ಲ್ಯಾಗ್ ಸಿಮೆಂಟ್ ಅಂತ ಇದ್ದರೆ ಉಕ್ಕಿನ ಕಾರ್ಖಾನೆಯ ಕಿಟ್ಟವನ್ನು ಅರೆದು ಸೇರಿಸಿದ್ದು, ಅದು 25ರಿಂದ 70 ಪಾಲಿನವರೆಗೂ ಇರಬಹುದು. ಅಂದರೆ ಗೊತ್ತಿಲ್ಲದೆಯೇ ನಮ್ಮಲ್ಲಿ ಎಷ್ಟೋ ಜನ ಸಿಮೆಂಟಿನ ಮೂರನೇ ಒಂದು ಭಾಗವನ್ನು ಬೇರೆ ಖನಿಜಕ್ಕೆ ಬಿಟ್ಟುಕೊಟ್ಟೇ ಮನೆ ಕಟ್ಟಿದ್ದೇವೆ. ಮನೆಗಳು ನಿಂತಿವೆ.

ಇಲ್ಲೊಂದು ಎಚ್ಚರಿಕೆ. ಮೆಟಾಕೇಯೋಲಿನ್ ಪುಡಿ ಚೀಲಗಳಲ್ಲಿ ಬೇರೆಯಾಗಿಯೂ ಸಿಗುತ್ತದೆ. ಅದನ್ನು ತಂದು ಪಿಪಿಸಿಗೆ ಇನ್ನೂ 20-30 ಪಾಲು ಬೆರೆಸುವ ಯೋಚನೆ ಮಾಡಬೇಡಿ. ಪಿಪಿಸಿಯಲ್ಲಿರುವ ಹಾರುಬೂದಿಗೇ ಸುಣ್ಣ ಬೇಕು. ಮೇಲಿಂದ ಇನ್ನೊಬ್ಬರು ಊಟಕ್ಕೆ ಕೂತರೆ ಬಡಿಸಲು ಅನ್ನ ಎಲ್ಲಿದೆ? ಮೆಟಾಕೇಯೋಲಿನ್ ಬಳಸುವುದಾದರೆ ಒಪಿಸಿ, ಅಂದರೆ ಬೆರಕೆ ಇಲ್ಲದ ಸಿಮೆಂಟಿನ ಜೊತೆ, ಸಿಮೆಂಟಿನ ತೂಕದ 5ರಿಂದ 15 ಪಾಲು. ಅದೂ ಇಂಜಿನಿಯರ್ ಮಿಕ್ಸ್ ಡಿಸೈನ್, ಅಂದರೆ ಯಾವುದು ಎಷ್ಟು ಬೆರೆಸಬೇಕು ಎಂಬ ಲೆಕ್ಕ, ಮಾಡಿಕೊಟ್ಟರೆ ಮಾತ್ರ. ಅದು ತುಂಬಾ ನುಣುಪು, ನೀರು ಜಾಸ್ತಿ ಕೇಳುತ್ತದೆ. ಕಾಂಕ್ರೀಟ್ ಬಿಗಿಯಾಯಿತು ಎಂದು ಕೆಲಸದವರು ಒಂದು ಬಕೆಟ್ ನೀರು ಸುರಿದರೆ ಮಾಡಿದ್ದೆಲ್ಲ ವ್ಯರ್ಥ. ನೀರಿನ ಬದಲಿಗೆ ಪ್ಲಾಸ್ಟಿಸೈಸರ್, ಅಂದರೆ ನೀರು ಹೆಚ್ಚಿಸದೆ ಕಾಂಕ್ರೀಟನ್ನು ಸಡಿಲ ಮಾಡುವ ರಾಸಾಯನಿಕ, ಹಾಕಬೇಕು. ಒಂದು ಮನೆಯ ಕೆಲಸಕ್ಕೆ ನನ್ನನ್ನು ಕೇಳಿದರೆ ಇಷ್ಟು ತಲೆಬಿಸಿ ಬೇಡ. ಕಾರ್ಖಾನೆಯಲ್ಲೇ ಬೆರೆಸಿ, ಅರೆದು ಬರುವ ಪಿಪಿಸಿ ಅಥವಾ ಸ್ಲ್ಯಾಗ್ ಸಿಮೆಂಟ್ ತನ್ನಿ. ಸುಟ್ಟ ಜೇಡಿ ಮತ್ತು ಸುಣ್ಣಕಲ್ಲಿನ ಸಿಮೆಂಟ್ ಐಎಸ್ 18189 ಗುರುತಿನೊಂದಿಗೆ ಸಿಕ್ಕರೆ ಅದೂ ಸರಿಯೇ.

ತೋಟದವರು ನನ್ನನ್ನು ಕೇಳುವ ಬೇರೆ ಪುಡಿಗಳೂ ಕೆಲವಿವೆ. ನೀವೂ ಕೇಳಬಹುದು ಅಂತ ಈಗಲೇ ಹೇಳಿಬಿಡುತ್ತೇನೆ. ಕ್ವಾರಿಯ ಕಲ್ಲುಪುಡಿಯಲ್ಲಿ ಸಿಲಿಕಾ ಬೇಕಾದಷ್ಟಿದೆ, ಆದರೆ ಅದು ಹರಳುಗಟ್ಟಿದ ಸಿಲಿಕಾ. ಸುಣ್ಣದ ಜೊತೆ ಸೇರುವುದೇ ಇಲ್ಲ. ಅದು ಮರಳಿನ ಜಾಗಕ್ಕೆ ಸರಿ, ಸಿಮೆಂಟಿನ ಜಾಗಕ್ಕೆ ಅಲ್ಲ. ಕಾಫಿ ಗಿಡಕ್ಕೆ ಹಾಕುವ ಸುಣ್ಣ ಅಥವಾ ಡೋಲಮೈಟ್ ಪುಡಿಯೂ ಹಾಗೇ, ಒಂದೊಂದು ಚೀಲದ ನುಣುಪು ಒಂದೊಂದು ಥರ. ತೋಟಕ್ಕೇ ಇರಲಿ. ಕಾಫಿ ಹೊಟ್ಟಿನ ಬೂದಿಯಲ್ಲಿ ಇರುವುದು ಹೆಚ್ಚಾಗಿ ಪೊಟ್ಯಾಶ್. ಅದು ಗೊಬ್ಬರಕ್ಕೆ ಚಿನ್ನ, ಕಾಂಕ್ರೀಟಿಗೆ ಬೇಡವೇ ಬೇಡ. ಭತ್ತದ ಹೊಟ್ಟಿನ ಬೂದಿ ಮಾತ್ರ ಬೇರೆ ಜಾತಿ. ಅದರಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಸಿಲಿಕಾ ಇರುತ್ತದೆ. 700 ಡಿಗ್ರಿ ದಾಟದಂತೆ ಹದವಾಗಿ ಸುಟ್ಟರೆ ಅದು ಒಳ್ಳೆಯ ಪೊಜೊಲಾನ, ಕಾಂಕ್ರೀಟಿನ ಮಾನಕವಾದ ಐಎಸ್ 456 ಕೂಡ ಅದನ್ನು ಒಪ್ಪುತ್ತದೆ. ಆದರೆ ಮಿಲ್ಲಿನ ಬಾಯ್ಲರಿನಿಂದ ಬರುವ ಕಪ್ಪು ಬೂದಿಯಲ್ಲಿ ಅರೆಬೆಂದ ಇಂಗಾಲ ತುಂಬಿರುತ್ತದೆ, ಬಿಸಿಯ ಲೆಕ್ಕವೂ ಇರುವುದಿಲ್ಲ. ಸಿಕ್ಕಿತು ಅಂತ ತಂದು ಸುರಿಯಬೇಡಿ.

ಹಳೇ ಮನೆ ಬಿಚ್ಚಿದಾಗ ಉಳಿಯುವ ಒಡೆದ ಮಂಗಳೂರು ಹೆಂಚು, ಬೆಂದ ಇಟ್ಟಿಗೆಯ ಚೂರು, ಇವಕ್ಕೆ ಒಂದು ಗೌರವದ ಕೆಲಸ ಇದೆ. ಕುಟ್ಟಿ ನುಣ್ಣಗೆ ಜರಡಿ ಹಿಡಿದರೆ ಅದೇ ಸುರ್ಕಿ. ಅರಳಿದ ಸುಣ್ಣದ ಜೊತೆ ಸೇರಿಸಿ ಹಳೇ ಗೋಡೆಯ ಗಿಲಾವಿಗೆ, ಕುಟುಂಬದ ಹಿರಿಯರ ಕಾಲದ ಐನ್‌ಮನೆಯ ದುರಸ್ತಿಗೆ ಬಳಸಿ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಹೊಡೆದರೆ ಒಳಗಿನ ತೇವ ಹೊರಗೆ ಹೋಗಲಾರದೆ ಗೋಡೆಯೇ ಕೆಡುತ್ತದೆ. ಸುಣ್ಣ ಸುರ್ಕಿಯ ಗಿಲಾವು ಉಸಿರಾಡುತ್ತದೆ. ನಿಮ್ಮ ಸುರ್ಕಿ ಜೀವಂತವಾಗಿದೆಯೇ ಎಂದು ನೋಡಲು ಸುಲಭದ ದಾರಿ ಇದೆ. ಒಂದು ಪಾಲು ಅರಳಿದ ಸುಣ್ಣ, ಎರಡು ಪಾಲು ಸುರ್ಕಿ ಕಲಸಿ ನಿಂಬೆಹಣ್ಣಿನಷ್ಟು ದೊಡ್ಡ ಉಂಡೆ ಮಾಡಿ. ಒದ್ದೆ ಗೋಣಿಯಲ್ಲಿ ಸುತ್ತಿ ಹತ್ತು ದಿನ ಇಡಿ. ಆಮೇಲೆ ನೀರಿನಲ್ಲಿ ಮುಳುಗಿಸಿ ಎರಡು ದಿನ ಬಿಡಿ. ಗಟ್ಟಿಯಾಗಿ ಉಳಿದರೆ ಅದು ಸುಣ್ಣದ ಜೊತೆ ಸೇರಿದೆ. ಕರಗಿ ತಳಕ್ಕೆ ಕೂತರೆ ಮಣ್ಣಿನ ಸುಡುವಿಕೆ ಸರಿಯಿಲ್ಲ. ನಿಮ್ಮ ಶೇಡಿ ಮಣ್ಣನ್ನು ಹಸಿಯಾಗಿಯೇ ಇಟ್ಟು ಪಕ್ಕದಲ್ಲೊಂದು ಉಂಡೆ ಮಾಡಿ ನೋಡಿ, ಮಗನಿಗೂ ಮೇಸ್ತ್ರಿಗೂ ಒಟ್ಟಿಗೇ ಉತ್ತರ ಸಿಗುತ್ತದೆ. ಆದರೆ ಈ ಉಂಡೆಯನ್ನು ನಂಬಿ ಪಿಲ್ಲರ್ ಹಾಕಬೇಡಿ. ಪಿಲ್ಲರ್, ಬೀಮಿಗೆ ಬೇಕಾದದ್ದು ಪ್ರಯೋಗಾಲಯದ ಕ್ಯೂಬ್ ಪರೀಕ್ಷೆ, ಅಂದರೆ ಅದೇ ಕಾಂಕ್ರೀಟಿನ ಘನಾಕಾರದ ತುಂಡನ್ನು ಯಂತ್ರದಲ್ಲಿ ಒತ್ತಿ ಬಲ ನೋಡುವುದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕೊಡಗಿನಲ್ಲಿ ಪಿಪಿಸಿಯಂಥ ಬೆರಕೆ ಸಿಮೆಂಟ್ ಬಳಸಿ ಕೆಟ್ಟ ಹೆಸರು ಬಂದ ಕಡೆಯೆಲ್ಲ ನಾನು ನೋಡಿದ್ದು ಒಂದೇ ಕಾರಣ, ಆತುರ. ಪೊಜೊಲಾನ ನಿಧಾನ. ಮೊದಲು ಸಿಮೆಂಟ್ ನೀರಿನ ಜೊತೆ ಸೇರಿ ಸುಣ್ಣ ಬಿಡಬೇಕು, ಆಮೇಲೆ ತಾನೇ ಇದರ ಕೆಲಸ ಶುರುವಾಗುವುದು? ಮಾನಕದಲ್ಲೇ ಇದು ಕಾಣುತ್ತದೆ. 43 ದರ್ಜೆಯ ಒಪಿಸಿ 3 ದಿನಕ್ಕೆ ಕನಿಷ್ಠ 23 ಮೆಗಾಪ್ಯಾಸ್ಕಲ್ ಬಲ ತೋರಿಸಬೇಕು, ಪಿಪಿಸಿ 16 ತೋರಿಸಿದರೆ ಸಾಕು. ಬಲ 28 ದಿನ ಕಳೆದ ಮೇಲೂ ಏರುತ್ತಲೇ ಇರುತ್ತದೆ. ಇದರ ಜೊತೆಗೆ ನಮ್ಮ ಚಳಿ. ನಾವು ಕಟ್ಟುವುದೇ ಮಳೆ ಬಿಟ್ಟ ಮೇಲೆ, ಡಿಸೆಂಬರ್, ಜನವರಿಯಲ್ಲಿ. ಆಗ ರಾತ್ರಿ ಮಡಿಕೇರಿ ಕಡೆ 15 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಐಎಸ್ 456ರಲ್ಲಿ ನಾಲ್ಕೂವರೆ ಮೀಟರ್‌ವರೆಗಿನ ತಾರಸಿಯ ಮೋಲ್ಡಿಗೆ 7 ದಿನ, ಅದಕ್ಕಿಂತ ಅಗಲಕ್ಕೆ 14 ದಿನ ಊರುಗಂಬ ಇಡಬೇಕು ಎಂದು ಇದೆಯಲ್ಲ, ಆ ಲೆಕ್ಕ ಒಪಿಸಿಗೆ, ಅದೂ ಬಿಸಿ 15 ಡಿಗ್ರಿಗಿಂತ ಇಳಿಯದ ಕಡೆಗೆ. ನಿಮ್ಮದು ಪಿಪಿಸಿ, ಊರು ನಾಪೋಕ್ಲು ಅಂದ ಮೇಲೆ ಆ ದಿನ ಸಾಲದು. ಸೆಂಟ್ರಿಂಗ್ ಬಾಡಿಗೆ ಏರುತ್ತದೆ ಎಂದು ಎಲ್ಲರೂ ಅವಸರ ಮಾಡುತ್ತಾರೆ. ನಾನು ಅಂಥ ಮೋಲ್ಡಿಗೆ ಎರಡು ವಾರ ಕೊಡಿ ಎನ್ನುತ್ತೇನೆ, ಬೀಮಿಗೆ ಮೂರು ವಾರ. ಕೊನೆಯ ಮಾತು ನಿಮ್ಮ ಇಂಜಿನಿಯರದ್ದು.

ಕ್ಯೂರಿಂಗ್ ಕೂಡ ಅಷ್ಟೇ. ಒಪಿಸಿಗೆ 7 ದಿನ ನೀರು ಹಾಕಿ ಅಂತ ಮಾನಕ ಹೇಳಿದರೆ, ಬೆರಕೆ ಸಿಮೆಂಟಿಗೆ ಕನಿಷ್ಠ 10 ದಿನ, ಬಿಸಿಲು ಒಣಹವೆಯಲ್ಲಿ 14 ದಿನ ಎನ್ನುತ್ತದೆ. ಫೆಬ್ರವರಿ, ಮಾರ್ಚ್ ಬಿಸಿಲಿನಲ್ಲಿ ಮೋಲ್ಡ್ ಹಾಕಿದರೆ 14 ದಿನ ನೀರು ನಿಲ್ಲಿಸಿ. ಪಿಲ್ಲರಿಗೆ ಒದ್ದೆ ಗೋಣಿಚೀಲ ಸುತ್ತಿ. ಒಣಗಿದ ಪೊಜೊಲಾನಕ್ಕೆ ಕೆಲಸ ಮಾಡಲು ನೀರಿಲ್ಲ, ಅದು ಅರ್ಧದಲ್ಲೇ ನಿಂತುಬಿಡುತ್ತದೆ. ಈ ಒಂದು ವಿಷಯದಲ್ಲಿ ನಮ್ಮ ಊರು ನಮಗೆ ಸಹಾಯ ಮಾಡುತ್ತದೆ. ಮೇ ತಿಂಗಳ ಹೊತ್ತಿಗೆ ಗಟ್ಟಿಯಾದ ಕಾಂಕ್ರೀಟಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಕ್ಯೂರಿಂಗ್ ಮಾಡುತ್ತದೆ. ಬಯಲುಸೀಮೆಯ ಪಿಪಿಸಿ ಕಾಂಕ್ರೀಟಿಗೆ ಈ ಭಾಗ್ಯ ಇಲ್ಲ. ಕೊಡಗಿನ ಮೊದಲ ಮಳೆಗಾಲ ಕಳೆದ ಬೆರಕೆ ಕಾಂಕ್ರೀಟನ್ನು ಸುತ್ತಿಗೆಯಿಂದ ತಟ್ಟಿ ನೋಡಿದರೆ ಬರುವ ಕಂಚಿನಂಥ ಸದ್ದು ನನಗೆ ಈಗಲೂ ಖುಷಿ ಕೊಡುತ್ತದೆ.

ದರ್ಜೆಯ ವಿಷಯದಲ್ಲಿ ಸಿಮೆಂಟ್ ಉಳಿಸುವ ಆಸೆಗೆ ಬೀಳಬೇಡಿ. ಜೋರು ಮಳೆಗೆ ಒಡ್ಡಿದ, ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗುವ ಆರ್‌ಸಿಸಿಯನ್ನು ಐಎಸ್ 456 ‘ತೀವ್ರ’ ಎಂದು ಗುರುತಿಸುತ್ತದೆ. ಅಲ್ಲಿ ಕಾಂಕ್ರೀಟಿನ ಬಲದ ದರ್ಜೆ ಎಂ30ಕ್ಕಿಂತ ಕಮ್ಮಿ ಇರಬಾರದು, ನೀರು ಸಿಮೆಂಟಿನ ತೂಕದ 0.45 ಪಾಲು ದಾಟಬಾರದು, ಕಂಬಿಯ ಮೇಲೆ 45 ಮಿಲಿಮೀಟರ್ ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ, ಇರಬೇಕು. ನಿಮ್ಮ ತಡೆಗೋಡೆ ಆರ್‌ಸಿಸಿ ಆದರೆ ಅದು ಈ ಗುಂಪಿಗೇ ಸೇರುತ್ತದೆ. ಕವರಿನ ಮಾತು ಬೆರಕೆ ಸಿಮೆಂಟಿಗೆ ಇನ್ನೂ ಮುಖ್ಯ. ಸುಣ್ಣವನ್ನು ಪೊಜೊಲಾನ ತಿಂದಿರುವುದರಿಂದ ಕಂಬಿಯನ್ನು ತುಕ್ಕಿನಿಂದ ಕಾಯುವ ಕ್ಷಾರ ಸ್ವಲ್ಪ ಕಮ್ಮಿ ಇರುತ್ತದೆ. ಕವರ್ ತೆಳುವಾಗಿ, ಕ್ಯೂರಿಂಗೂ ಅರೆಬರೆ ಆದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಬೇಗ ಕಂಬಿ ಮುಟ್ಟುತ್ತದೆ. ಈ ಸಿಮೆಂಟುಗಳಿಗೆ ಇರುವ ನಿಜವಾದ ದೌರ್ಬಲ್ಯ ಇದು. ಕವರ್ ಬ್ಲಾಕ್ ಇಡದೆ ಕಲ್ಲುಚೂರು ಇಟ್ಟು ಕಾಂಕ್ರೀಟ್ ಸುರಿಯುವುದನ್ನು ನೀವೇ ನಿಂತು ತಡೆಯಿರಿ.

ಕಣದ ಬಗ್ಗೆ ಎರಡು ಮಾತು. ಪಲ್ಪಿಂಗ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕೆಲಸ, ಮಾಡುವವರಾದರೆ, ಆ ನೀರು ಹುಳಿಯಾಗಿರುತ್ತದೆ, ಹುಳಿ ಯಾವ ಸಿಮೆಂಟನ್ನೂ ತಿನ್ನುತ್ತದೆ. ಬೆರಕೆ ಸಿಮೆಂಟ್ ಸ್ವಲ್ಪ ಹೆಚ್ಚು ದಿನ ತಡೆಯಬಹುದು ಅಷ್ಟೇ. ತೊಟ್ಟಿಗೆ ಒಳಗಡೆ ಎಪಾಕ್ಸಿಯಂಥ ಲೇಪನ ಬೇಕೇ ಬೇಕು. ಇನ್ನೊಂದು, ಕಾಫಿ ತೊಳೆದ ತೊಟ್ಟಿಯ ನೀರನ್ನು ಕಾಂಕ್ರೀಟ್ ಕಲಸಲು ಬಳಸಬೇಡಿ. ಅದರಲ್ಲಿ ಸಕ್ಕರೆ ಅಂಶ ಇರುತ್ತದೆ. ಸಿಮೆಂಟಿನ ತೂಕದ ನೂರಕ್ಕೆ 0.05 ಪಾಲು ಸಕ್ಕರೆ ಸೇರಿದರೂ ಗಟ್ಟಿಯಾಗುವುದು ಗಂಟೆಗಟ್ಟಲೆ ತಡವಾಗುತ್ತದೆ. ಜಾಸ್ತಿಯಾದರೆ ಗಟ್ಟಿಯೇ ಆಗುವುದಿಲ್ಲ. ಜನ ಸಿಮೆಂಟನ್ನು ಬೈಯುತ್ತಾರೆ, ತಪ್ಪು ನೀರಿನದ್ದಾಗಿರುತ್ತದೆ.

ಕ್ಯೂಬ್ ಹಾಕಿಸುವಾಗ 7 ಮತ್ತು 28 ದಿನದ ಜೊತೆಗೆ 56 ದಿನಕ್ಕೂ ಮೂರು ಕ್ಯೂಬ್ ಇಟ್ಟುಕೊಳ್ಳಿ, ಬೆರಕೆ ಸಿಮೆಂಟಿನ ನಿಜ ಬಲ ಆಗ ಕಾಣುತ್ತದೆ. ಕುಶಾಲನಗರ, ಪೊನ್ನಂಪೇಟೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪರೀಕ್ಷೆ ಮಾಡಿಕೊಡುತ್ತಾರಾ ಎಂದು ಮೊದಲೇ ಕೇಳಿಕೊಳ್ಳಿ.

ಸಿಮೆಂಟ್ ನಿಜವಾಗಿಯೂ ಉಳಿಯಬೇಕು ಎಂಬುದು ನಿಮ್ಮ ಆಸೆಯಾದರೆ ನನ್ನ ಕಣ್ಣು ಹೋಗುವುದು ಗೋಡೆಗಳ ಕಡೆಗೆ. ನಿಮ್ಮ ಹಸಿ ಮಣ್ಣಿಗೆ ಅಲ್ಲಿ ಜಾಗ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಎಂಬ ಕೇಂದ್ರ ಶುರುವಾಯಿತು. ಅಲ್ಲಿ ಪ್ರೊಫೆಸರ್ ಕೆ. ಎಸ್. ಜಗದೀಶ್ ಮತ್ತು ಜೊತೆಗಾರರು ಮಣ್ಣಿಗೆ ಸ್ವಲ್ಪವೇ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ ಬ್ಲಾಕ್ ಮಾಡುವ ವಿಧಾನವನ್ನು ಬೆಳೆಸಿದರು. ಸುಡುವ ಕೆಲಸವೇ ಇಲ್ಲ. ಸಿಮೆಂಟ್ ನೂರಕ್ಕೆ 6ರಿಂದ 8 ಪಾಲು ಸಾಕು. ಇಲ್ಲಿಗೆ ಬೇಕಾದದ್ದು ಮೇಲಿನ ಕೆಂಪು ಮಣ್ಣು. ನಮ್ಮ ಮಣ್ಣಿನಲ್ಲಿ ಜೇಡಿ ಜಾಸ್ತಿ ಇರುವುದರಿಂದ ಕ್ವಾರಿ ಡಸ್ಟ್ ಅಥವಾ ಮರಳು ಬೆರೆಸಬೇಕು. ಎಲೆ ಕೊಳೆತು ಕಪ್ಪಾದ ಮೇಲ್ಮಣ್ಣನ್ನು ತೆಗೆದುಹಾಕಬೇಕು. ಮಾಡು ಮಾತ್ರ ಉದ್ದಕ್ಕೆ ಹೊರಚಾಚಿರಲಿ, ಎರಚಲು ಗೋಡೆಗೆ ನೇರವಾಗಿ ಬಡಿಯಬಾರದು. ನಮ್ಮ ಹಳೇ ಮನೆಗಳ ಮಾಡು ಅಷ್ಟು ಕೆಳಗೆ ಇಳಿದಿರುವುದು ಸುಮ್ನೆ ಅಲ್ಲ.

ಕೊನೆಯದಾಗಿ ಆ ಬಿಳಿ ಮಣ್ಣು. ನೀವು ಬರೆದ ಪತ್ರ ಓದಿ ನನಗೆ ಚಿಂತೆಯಾಗಿದ್ದು ಸಿಮೆಂಟಿನ ಬಗ್ಗೆ ಅಲ್ಲ, ಇದರ ಬಗ್ಗೆ. ಶೇಡಿ ಮಣ್ಣು ಒಣಗಿದಾಗ ಗಟ್ಟಿ, ನೀರು ಕುಡಿದಾಗ ಜಾರುತ್ತದೆ, ಕೊಚ್ಚಿಕೊಂಡೂ ಹೋಗುತ್ತದೆ. ಹಿಂದೆ ಬರೆ ಇದೆ ಎಂದಿದ್ದೀರಿ. ಆ ಮಣ್ಣು ಬೇಕೆಂದು ಬರೆಯ ಬುಡದಲ್ಲಿ ಒಂದು ಬುಟ್ಟಿಯೂ ಹೆಚ್ಚು ತೋಡಬೇಡಿ. ತೋಡಿದ ಗುಂಡಿಯನ್ನು ತೆರೆದಿಟ್ಟು ಮಳೆಗಾಲಕ್ಕೆ ಬಿಡಬೇಡಿ. ಮನೆಯ ಪಾಯಕ್ಕಿಂತ ಮೊದಲು ಒಬ್ಬ ಮಣ್ಣಿನ ತಜ್ಞರನ್ನು ಕರೆದು ಬರೆ ತೋರಿಸಿ. ತಡೆಗೋಡೆಯ ಹಿಂದೆ ಜಲ್ಲಿ ತುಂಬಿಸಿ, ನೀರು ಹೊರಬರಲು ತೂತು ಬಿಡಿಸಿ, ಬರೆಯ ಮೇಲ್ಗಡೆ ನೀರನ್ನು ಪಕ್ಕಕ್ಕೆ ತಿರುಗಿಸುವ ಕಣಿ ತೆಗೆಸಿ. ಈ ಕೆಲಸ ಮೇ ಮುಗಿಯುವುದರೊಳಗೆ ಆಗಲಿ. ಮನೆಯ ಮೋಲ್ಡ್ ಮುಂದಿನ ವರ್ಷಕ್ಕೆ ಹೋದರೂ ಪರವಾಗಿಲ್ಲ.